ಹನ್ನೊಂದು ಮನೆಗೆ ಒಂದೇ ಪಾಸ್‌ವರ್ಡ್

ಹಾಡು ಕೂಡಿಡುವ ಹುಚ್ಚು ನನಗೆ ಹತ್ತಿದ್ದು ಅಪ್ಪನಿಂದ. ಅದನ್ನು ಊರೂರಿಗೆ ಹಂಚುವ ಹುಚ್ಚು ಮಾತ್ರ ನನ್ನ ಸ್ವಂತದ್ದು, ಅದಕ್ಕೆ ಬೇರೆ ಯಾರನ್ನೂ ಬೈಯುವಂತಿಲ್ಲ. ಮರಾಠಿ ಸೀಮೆಯ ಉದಗೀರದಲ್ಲಿ ನನ್ನದು ಬಟ್ಟೆ ಅಂಗಡಿ, ಅದರ ಹಿಂದೆಯೇ ಮನೆ. ಮನೆಯ ನಡುಕೋಣೆಯಲ್ಲಿ ಎರಡು ಕಪಾಟು ತುಂಬ ಕ್ಯಾಸೆಟ್ಟುಗಳು: ಅಪ್ಪನ ಭಜನಾ ಮೇಳ, ಮಠದ ಪ್ರವಚನ, ಮದುವೆಗಳಲ್ಲಿ ಹೆಂಗಸರು ಹೇಳಿದ ಹಾಡು, ರೇಡಿಯೋದ ಮುಂದೆ ಟೇಪ್ ಇಟ್ಟು ಹಿಡಿದ ಮರಾಠಿ ಅಭಂಗ. ನಮ್ಮ ಬಳಗದ ಹನ್ನೊಂದು ಮನೆಗಳಿಂದ, ನಿಲಂಗಾ, ಉಮರ್ಗಾ, ಮುರುಮ, ಯೆಣೆಗೂರ ಎಲ್ಲ ತಿರುಗಿ, ಕೈಚೀಲಗಳಲ್ಲಿ ತುಂಬಿಕೊಂಡು ತಂದದ್ದು.

ನಾಲ್ಕು ವರ್ಷ ಕೂತು ಅವನ್ನೆಲ್ಲ ಕಂಪ್ಯೂಟರಿಗೆ ಇಳಿಸಿದೆ. ಕೂತು ಎಂದರೆ ಸುಳ್ಳಾಗುತ್ತದೆ. ಒಳಗೆ ಕ್ಯಾಸೆಟ್ ಹಚ್ಚಿ ನಾನು ಅಂಗಡಿಗೆ ಬರುತ್ತಿದ್ದೆ. ಎರಡೂ ಬದಿ ತಾನೇ ಓಡಿ ಮುಗಿಯುತ್ತಿತ್ತು. ಮಧ್ಯೆ ಸದ್ದಿಲ್ಲದ ಕಡೆ ಕತ್ತರಿಸಿ ಹಾಡು ಬೇರೆ ಮಾಡುವುದನ್ನೂ ಕಂಪ್ಯೂಟರೇ ಮಾಡುತ್ತಿತ್ತು. ಹಾಡಿದವರ ಹೆಸರು ಎಂಬ ಖಾನೆಯೊಂದು ಇರುತ್ತದಲ್ಲ, ಅದನ್ನು ನಾನು ಯೋಚನೆಯಿಲ್ಲದೆ ತುಂಬಿದೆ. ಯಾರ ಮನೆಯ ಚೀಲವೋ ಆ ಮನೆಯ ಹಿರಿಯನ ಹೆಸರು. ಬಟ್ಟೆ ವ್ಯಾಪಾರದವನಿಗೆ ಥಾನಿನ ಮೇಲೆ ಯಾರ ಚೀಟಿ ಇದೆಯೋ ಅವರದೇ ಮಾಲು. ಹಾಡಿಗೂ ಅದೇ ಚೀಟಿ ಹಚ್ಚಿದೆ.

ಆಮೇಲೆ ಬಂದದ್ದು ಸರ್ವರಿನ ಪ್ರಶ್ನೆ. ನಮ್ಮ ಮನೆಯ ಕಂಪ್ಯೂಟರಿನಲ್ಲಿದ್ದ ಹಾಡು ಹನ್ನೊಂದು ಮನೆಯ ಮೊಬೈಲಿಗೂ ತಲುಪಬೇಕು. ಅದಕ್ಕೊಂದು ಸಾಫ್ಟ್‌ವೇರ್ ಬೇಕು. ಮೂರನ್ನು ಹಚ್ಚಿ ನೋಡಿದೆ. ಮೊದಲನೆಯದಕ್ಕೆ ಅತಿ ಬುದ್ಧಿ. ಇಂಟರ್ನೆಟ್ಟಿನಿಂದ ತಾನೇ ಚಿತ್ರ ಹುಡುಕಿ ತಂದು ಅಪ್ಪನ ಭಜನೆಯ ಮೇಲೆ ಗಿಟಾರ್ ಹಿಡಿದ ಯಾವನೋ ಬಿಳಿ ಹುಡುಗನ ಫೋಟೋ ಅಂಟಿಸಿತು. ಅದನ್ನು ಅಂದೇ ಕಿತ್ತು ಒಗೆದೆ. ಎರಡನೆಯದು ಚೆಂದವಿತ್ತು, ಚುರುಕಾಗಿತ್ತು. ಹೊಸದಾಗಿ ಹಾಕಿದ ಹಾಡು ಎಲ್ಲರ ಪರದೆಯ ಮೇಲ್ತುದಿಗೆ ಬಂದು ಕೂರುತ್ತಿತ್ತು, ಮೊಬೈಲಿನಲ್ಲಿ ತಾನೇ ಒಂದು ಪ್ರತಿ ಇಟ್ಟುಕೊಳ್ಳುತ್ತಿತ್ತು. ಎಲ್ಲರಿಗೂ ಒಂದೇ ಪಾಸ್‌ವರ್ಡ್. ಮೂರನೆಯದು ಬೂದು ಬಣ್ಣದ್ದು, ಸರಕಾರಿ ಕಚೇರಿಯ ಗೋಡೆಯಂಥದ್ದು. ಅದರಲ್ಲಿ ಒಬ್ಬೊಬ್ಬರಿಗೆ ಒಂದೊಂದು ಖಾತೆ ತೆರೆಯಬೇಕು, ಯಾರಿಗೆ ಯಾವ ಹಾಡು ಕಾಣಬೇಕು ಎಂದು ಗುರುತು ಮಾಡಬೇಕು.

"ಇದೇ ಛಲೋ ಅದ ನೋಡ್ರಿ," ಎಂದಳು ನನ್ನ ಹೆಂಡತಿ ಮೂರನೆಯದನ್ನು ತೋರಿಸಿ. "ಎಲ್ಲಾರಿಗೂ ಎಲ್ಲಾ ಯಾಕ ಬೇಕು?"

"ನಮ್ಮ ಬಳಗದಾಗ ಯಾರಿಗೇನು ಮುಚ್ಚಿಡೋದದ?" ಎಂದು ನಾನು ಗತ್ತಿನಿಂದಲೇ ಹೇಳಿದೆ. ಎರಡನೆಯದನ್ನು ಹಾಕಿದೆ. ಭಾನುವಾರ ಎಲ್ಲರಿಗೂ ಪಾಸ್‌ವರ್ಡ್ ಕಳಿಸಿದೆ.

ಬುಧವಾರ ಬೆಳಿಗ್ಗೆ ಹನ್ನೊಂದರ ಸುಮಾರಿಗೆ ಮುರುಮದಿಂದ ಅಕ್ಕನ ಫೋನು ಬಂತು. "ಕಾಯ್ ರೇ, ವೈನಿ ಹಾಡ್ಯಾಳಲ್ಲೋ! ಆಕಿ ಧ್ವನಿ ಇಷ್ಟು ಛಲೋ ಅದಂತ ನನಗ ಗೊತ್ತೇ ಇರ್ಲಿಲ್ಲ. ಅರ್ಧಾ ಕೇಳಿ ನಳಕ್ಕ ನೀರು ಬಂತಂತ ಎದ್ದೆ, ಈಗ ಪೂರಾ ಕೇಳ್ತೀನಿ."

ವೈನಿ ಎಂದರೆ ನಿಲಂಗಾದಲ್ಲಿರುವ ನಮ್ಮ ಅಣ್ಣನ ಹೆಂಡತಿ. ಆಕೆ ಹಾಡಿದ್ದನ್ನು ನಾನು ಎಂದೂ ಕೇಳಿರಲಿಲ್ಲ. ಮುಂದೆ ಗಿರಾಕಿ ಇಳಕಲ್ ಸೀರೆಯ ಸೆರಗು ಬಿಚ್ಚಿ ನೋಡುತ್ತಿದ್ದರು. ನಾನು ಕಿವಿಗೆ ತಂತಿ ಸಿಕ್ಕಿಸಿಕೊಂಡು ಮೊಬೈಲ್ ತೆಗೆದೆ. ಮೇಲ್ತುದಿಯಲ್ಲೇ ಇತ್ತು, ಅಣ್ಣನ ಹೆಸರಿನಲ್ಲಿ. ಅವನ ಭಜನೆಯ ಕ್ಯಾಸೆಟ್ಟಿನಲ್ಲಿ ಖಾಲಿ ಉಳಿದಿದ್ದ ಎರಡನೆಯ ಬದಿ.

ಮೊದಲು ತಗಡಿನ ಮೇಲೆ ಮಳೆ ಬೀಳುವ ಸದ್ದು ಕೇಳಿತು. ಆಗಲೇ ನನಗೆ ಅದು ಎಲ್ಲಿಯದೆಂದು ತಿಳಿಯಿತು. ತೊಂಬತ್ತಮೂರರ ಭೂಕಂಪದ ನಂತರ ತಿಂಗಳುಗಟ್ಟಲೆ ನಾವೆಲ್ಲ ತಗಡಿನ ಶೆಡ್ಡಿನಲ್ಲಿ ಮಲಗುತ್ತಿದ್ದೆವು. ಆ ಸದ್ದಿನ ಒಳಗಿಂದ ವೈನಿಯ ಧ್ವನಿ, ಇಪ್ಪತ್ತೈದು ವರ್ಷದ ಹಿಂದಿನದು, ಬೀಸುವ ಹಾಡಿನ ಧಾಟಿಯಲ್ಲಿ. ತಾನೇ ಕಟ್ಟಿದ ಹಾಡು.

ಚೀಲೆಲ್ಲ ಎಣಿಸ್ಯಾನ, ಒಂದೂ ಕಡಿಮಿಲ್ಲಂದಾನ
ಬೀದ್ಯಾಗ ನಿಂತ ನಮ್ಮಿಬ್ಬರ, ನನ ರಾಯ
ಎಣಿಸೋದ ಮರತು ನಿಂತಾನ

ಅದನ್ನು ಹಿಂದೆ ಸರಿಸಿ ಇನ್ನೊಮ್ಮೆ ಕೇಳಿದೆ. ಯಾಕೆಂದರೆ ಭೂಕಂಪದ ದಿನದ ಕಥೆ ನಮ್ಮ ಮನೆಯಲ್ಲಿ ಬೇರೆಯೇ ಇತ್ತು. ಅಣ್ಣನದು ನಿಲಂಗಾದ ಮಾರ್ಕೆಟ್ಟಿನಲ್ಲಿ ಧಾನ್ಯದ ಅಡತಿ ಅಂಗಡಿ. ಹೊಸ ಹೆಸರುಕಾಳು, ಉದ್ದು ಬಂದು ಬಿದ್ದಿದ್ದರಿಂದ ಆ ರಾತ್ರಿ ಅಂಗಡಿಯಲ್ಲೇ ಮಲಗಿದ್ದ. ಅಪ್ಪ, ಅವ್ವ ಯೆಣೆಗೂರದ ಹೊಲದಲ್ಲಿದ್ದರು. ನಾನು ಉದಗೀರದಲ್ಲಿ ಸೋದರಮಾವನ ಮನೆಯಲ್ಲಿ ಓದುತ್ತಿದ್ದೆ. ನಿಲಂಗಾದ ಮನೆಯಲ್ಲಿ ಇದ್ದದ್ದು ವೈನಿ ಮತ್ತು ಎರಡು ವರ್ಷದ ಮಗಳು. ನಸುಕಿನಲ್ಲಿ ಭೂಮಿ ನಡುಗಿ ಅಡುಗೆಮನೆಯ ಗೋಡೆ ಬಿತ್ತು. ಅಣ್ಣ ಆ ಕ್ಷಣವೇ ಬರಿಗಾಲಲ್ಲಿ ಓಡಿಬಂದ. ಬಂದವರಿಗೆಲ್ಲ ಅಪ್ಪ ಹೇಳುತ್ತಿದ್ದದ್ದು ಇದನ್ನೇ, ಆಮೇಲೆ ಅಣ್ಣನೂ ಹೇಳುತ್ತಿದ್ದ. ವೈನಿ ಅಲ್ಲೇ ಚಹಾ ಕೊಡುತ್ತ ನಿಂತಿರುತ್ತಿದ್ದಳು. ಎಂದೂ ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ. ಹಾಡಿನಲ್ಲಿ ಅಣ್ಣ ಬಂದದ್ದು ಬಿಸಿಲೇರಿದ ಮೇಲೆ, ಉರುಳಿದ ಚೀಲಗಳನ್ನೆಲ್ಲ ಎಣಿಸಿ, ಬಾಗಿಲಿಗೆ ಕೀಲಿ ಹಾಕಿ.

ಅಣ್ಣ ದಿನಾ ಬೆಳಿಗ್ಗೆ ಲಿಂಗಪೂಜೆ ಮುಗಿಸಿ ತಾನು ಹಾಡಿದ ಭಜನೆ ತಾನೇ ಕೇಳುವವನು. ಭಾನುವಾರದಿಂದ ಅವನ ಹೆಸರಿನ ಕೆಳಗೆ ಎಲ್ಲಕ್ಕಿಂತ ಮೇಲಿರುವುದು ಈ ಹಾಡು. ಅವನ ಸಿಟ್ಟು ಕಂಡವರಿಗೆ ಗೊತ್ತು. ಬೈಯುವುದಿಲ್ಲ, ಮಾತು ಬಿಡುತ್ತಾನೆ. ಒಬ್ಬ ಚಿಕ್ಕಪ್ಪನ ಜೊತೆ ಆರು ವರ್ಷ ಬಿಟ್ಟಿದ್ದ. ವೈನಿಯ ಜೊತೆ ಬಿಟ್ಟರೆ? ಇಪ್ಪತ್ತೈದು ವರ್ಷ ಆಕೆ ನುಂಗಿಕೊಂಡದ್ದನ್ನು ನಾನು ನಾಲ್ಕು ಊರಿಗೆ ಕೇಳಿಸಿ ಆಕೆಯ ಸಂಸಾರ ಕೆಡಿಸಿದೆನಲ್ಲ ಎನಿಸಿತು.

ಅಳಿಸಲು ಒಳಗೆ ಓಡಿದೆ. ಕರೆಂಟ್ ಇರಲಿಲ್ಲ, ಕಂಪ್ಯೂಟರ್ ಕಣ್ಣು ಮುಚ್ಚಿ ಕೂತಿತ್ತು. ಇದ್ದರೂ ಏನು ಬಂತು, ಪ್ರತಿ ಎಲ್ಲರ ಮೊಬೈಲಿನಲ್ಲೂ ಹೋಗಿ ಕೂತಾಗಿತ್ತು. ಅಕ್ಕನಿಗೆ ಫೋನು ಮಾಡಿ, ಕೇಳಬೇಡ, ಯಾರಿಗೂ ಹೇಳಬೇಡ ಎಂದೆ. ವೈನಿಗೆ ಮಾಡಿದೆ, ಎತ್ತಲಿಲ್ಲ. ಸೀರೆ, ಗಿರಾಕಿ ಎರಡನ್ನೂ ಹೆಂಡತಿಗೆ ಒಪ್ಪಿಸಿ ನಿಲಂಗಾದ ಬಸ್ಸು ಹಿಡಿದೆ. ಆ ಕೆಂಪು ಬಸ್ಸು ಕೈ ಮಾಡಿದವರಿಗೆಲ್ಲ ನಿಂತಿತು. ನಿಂತಾಗಲೆಲ್ಲ ನಾನು ಡ್ರೈವರನನ್ನು ಮನಸ್ಸಿನಲ್ಲೇ ಬೈದೆ.

ಅಡತಿಯಲ್ಲಿ ಅಣ್ಣ ಇರಲಿಲ್ಲ. "ಸಾವ್ಕಾರ್ರು ಮನಿಗಿ ಹೋಗ್ಯಾರ್ರಿ," ಎಂದ ಹಮಾಲ. ಮಾರ್ಕೆಟ್ ನಡೆದಿರುವಾಗ ಅಣ್ಣ ಮನೆಗೆ ಹೋದದ್ದನ್ನು ನಾನು ಕಂಡಿರಲಿಲ್ಲ. ಮನೆಯತ್ತ ನಡೆದೆ.

ಅಣ್ಣ ಪಡಸಾಲೆಯಲ್ಲಿ ಕೂತಿದ್ದ, ಮೊಬೈಲು ಮುಂದೆ. ವೈನಿ ಅಡುಗೆಮನೆಯ ಬಾಗಿಲಲ್ಲಿ ಮೊರ ಹಿಡಿದು ತೊಗರಿಬೇಳೆ ಹಸನು ಮಾಡುತ್ತಿದ್ದಳು. ನನ್ನನ್ನು ನೋಡಿದವಳೇ ಅಂದಳು, "ನನ್ನ ಒಂದ್ ಮಾತ್ ಕೇಳ್ಬೇಕಂತ ಅನಸ್ಲಿಲ್ಲೇನೋ ನಿನಗ?" ಆಕೆ ಮದುವೆಯಾಗಿ ಬಂದಾಗ ನಾನು ಏಳನೆಯ ಇಯತ್ತೆ. ಅಂದಿನಿಂದ ಈ ಧ್ವನಿಯಲ್ಲಿ ನನ್ನೊಡನೆ ಮಾತಾಡಿರಲಿಲ್ಲ.

"ತಪ್ಪಾತ್ರಿ ವೈನಿ. ನಾ ಕೇಳದೇನೇ ಹಾಕೀನಿ. ಈಗೇ ಅಳಸ್ತೀನಿ."

"ನಿಂದ್ರು," ಎಂದ ಅಣ್ಣ. ಮೊಬೈಲನ್ನು ನನ್ನ ಕಡೆ ತಿರುಗಿಸಿದ. "ಇದರ ಮ್ಯಾಲ ನನ್ನ ಹೆಸರು ಯಾಕದ?"

ಚೀಲ, ಥಾನು, ಚೀಟಿ ಎಂದು ನಾನು ಏನೋ ತೊದಲಿದೆ. ಅವನು ಕೇಳಿಸಿಕೊಳ್ಳಲಿಲ್ಲ. "ನಾ ಹಾಡಿಲ್ಲ ಇದು. ಹಾಡಿದಾಕಿ ಆಕಿ. ನನ್ನ ಹೆಸರು ತಗದು ಆಕೀದು ಬರಿ." ಮೊಬೈಲು ಕೆಳಗಿಟ್ಟು ಹೇಳಿದ, "ಅದರಾಗ ಖೋಟಾ ಏನೂ ಇಲ್ಲ. ಮೊದಲ ಚೀಲೇ ಎಣಸೀನಿ ನಾ."

ಮೊರದ ಸದ್ದು ನಿಂತಿತು. "ಅಣ್ಣಾ, ಅಳಸಿಬಿಡ್ತೀನಿ," ಎಂದೆ ಮತ್ತೆ.

"ಅಳಸು ಅಂತ ನಿನಗ್ಯಾರು ಹೇಳ್ಯಾರ? ಆಕೀಗಿ ಕೇಳು."

ವೈನಿ ಬೇಳೆಯೊಳಗಿನ ಒಂದು ಹರಳು ಆರಿಸಿ ಪಕ್ಕಕ್ಕಿಟ್ಟಳು. ನಾನು ಅಳುತ್ತಾಳೆ ಎಂದುಕೊಂಡಿದ್ದೆ. ಅಳಲಿಲ್ಲ. "ಅಳಸ್ಬ್ಯಾಡ," ಎಂದಳು. "ನನ್ನ ಹೆಸರೂ ಯಾರಿಗೂ ತೋರಸ್ಬ್ಯಾಡ. ಎಲ್ಲಾರ ಮೊಬೈಲಿಂದ ತಗಿ. ನಿಮ್ಮಣ್ಣನ ಮೊಬೈಲಿನಾಗ ಅಷ್ಟ ಇರ್ಲಿ."

ಬಸ್ಸಿನಲ್ಲಿ ಮರಳುವಾಗ ಗೊತ್ತಾಯಿತು, ನಾನು ಆರಿಸಿದ ಚೆಂದದ ಸಾಫ್ಟ್‌ವೇರಿನಲ್ಲಿ ಆಕೆ ಹೇಳಿದ್ದನ್ನು ಮಾಡಲು ದಾರಿಯೇ ಇರಲಿಲ್ಲ. ಅದರಲ್ಲಿದ್ದದ್ದು ಎರಡೇ: ಎಲ್ಲರಿಗೂ, ಇಲ್ಲವೇ ಯಾರಿಗೂ ಇಲ್ಲ. ಅದನ್ನು ತೆಗೆದು ಬೂದು ಬಣ್ಣದ್ದನ್ನು ಹಾಕಿದೆ. ಹೆಂಡತಿ ಪಕ್ಕದಲ್ಲಿ ಕೂತು ಖಾತೆ ತೆರೆಯಲು ನೆರವಾದಳು. ಮೂರು ದಿನ ಊರೂರು ತಿರುಗಿ, ಅಣ್ಣನದು ಬಿಟ್ಟು ಉಳಿದ ಹತ್ತು ಮನೆಯವರ ಮೊಬೈಲಿನಿಂದ ಹಳೆಯದನ್ನು ನನ್ನ ಕೈಯಾರೆ ತೆಗೆದೆ. ಕೆಟ್ಟಿದೆ, ರಿಪೇರಿ ಎಂದು ಸುಳ್ಳು ಹೇಳಿದೆ. ಅಕ್ಕ ಅದನ್ನು ಪೂರ್ತಿ ಕೇಳಿದ್ದಳೋ ಇಲ್ಲವೋ, ನಾನು ವಿಚಾರಿಸಲಿಲ್ಲ, ಅವಳು ಹೇಳಲಿಲ್ಲ.

ಆ ಹಾಡಿಗೆ ಈಗ ವೈನಿಯ ಹೆಸರಿದೆ, ಅಣ್ಣನ ಖಾತೆಯೊಂದರಲ್ಲಿ ಮಾತ್ರ ಕಾಣುತ್ತದೆ. ಹೊಸ ಸಾಫ್ಟ್‌ವೇರ್ ಚೆಂದವಿಲ್ಲ ಎಂದು ಬಳಗದವರೆಲ್ಲ ಇಂದಿಗೂ ನನ್ನನ್ನು ಆಡಿಕೊಳ್ಳುತ್ತಾರೆ. ಅದರ ಉಸ್ತುವಾರಿ ನನ್ನದಾದ್ದರಿಂದ ಯಾರು, ಯಾವಾಗ, ಯಾವ ಹಾಡು ಕೇಳಿದರು ಎಂಬುದು ನನಗೆ ಕಾಣುತ್ತದೆ. ನೋಡಬಾರದು, ಆದರೂ ನೋಡುತ್ತೇನೆ. ಅಣ್ಣ ತನ್ನ ಭಜನೆ ಕೇಳುವುದನ್ನು ಬಿಟ್ಟಿದ್ದಾನೆ. ಬೆಳಿಗ್ಗೆ ಪೂಜೆ ಮುಗಿದ ಮೇಲೆ ಅದೊಂದನ್ನು ಕೊನೆಯವರೆಗೆ ಕೇಳಿ, ಆಮೇಲೆ ಅಂಗಡಿಗೆ ಹೋಗುತ್ತಾನೆ.