ಕಂಚಣ್ಣ ಗಾಲ್ಫ್ ನೋಡಲು ಹೋದದ್ದು

ತರಕಾರಿ ಸಗಟು ಮಾರುಕಟ್ಟೆಯಲ್ಲಿ ಹರಾಜು ಕೂಗುತ್ತಿದ್ದ ಆತನನ್ನು ಎಲ್ಲರೂ ಕಂಚಣ್ಣ ಎಂದೇ ಕರೆಯುತ್ತಿದ್ದರು. ಅಂಥ ಕಂಚಿನ ಕಂಠ. ಈರುಳ್ಳಿ ಮೂಟೆಯ ಮೇಲೆ ನಿಂತು ಒಂದು ಕೂಗು ಹಾಕಿದರೆ ಸಾಕು, ಲಾರಿಯಲ್ಲಿ ಮಲಗಿದ್ದ ಡ್ರೈವರುಗಳು ದಡಬಡಿಸಿ ಎದ್ದು ಕೂರುತ್ತಿದ್ದರು. ಮನೆಯಲ್ಲೂ ಅದೇ ಗಂಟಲು. ಊಟಕ್ಕೆ ಕೂತು ಉಪ್ಪು ಕೇಳಿದರೆ ಪಕ್ಕದ ಮನೆಯವರು ಉಪ್ಪು ಹಿಡಿದು ಬರಬೇಕು, ಹಾಗೆ. ಹೆಂಡತಿ ಕಿಟಕಿ ಪರದೆ ಹೊಲಿಯುವ ಅಂಗಡಿಯಲ್ಲಿ ಕೆಲಸಕ್ಕಿದ್ದಳು. ಬೀದಿಯವರ ಬಾಯಲ್ಲಿ ಪರದೆಯಕ್ಕ. "ರೀ, ಸ್ವಲ್ಪ ಮೆಲ್ಲಗೆ" ಅನ್ನದ ದಿನವೇ ಅವಳಿಗಿರಲಿಲ್ಲ.

ಆ ಗಂಟಲಲ್ಲೇ ಗೆಡ್ಡೆ ಬೆಳೆಯಿತು. ವೈದ್ಯರು ಜೀವ ಉಳಿಸಿದರು. ದನಿ ಉಳಿಸಲು ಅವರಿಂದಾಗಲಿಲ್ಲ.

ಆಸ್ಪತ್ರೆಯಲ್ಲಿ ಕಂಚಣ್ಣ ಗೋಡೆಯ ಕಡೆ ಮುಖ ಮಾಡಿ ಮಲಗಿಬಿಟ್ಟ. ಒಂದು ಮಧ್ಯಾಹ್ನ ವಾರ್ಡಿನ ಟಿವಿಯಲ್ಲಿ ಗಾಲ್ಫ್ ಬರುತ್ತಿತ್ತು. ರಿಮೋಟ್ ಎಲ್ಲೋ ಕಳೆದಿದ್ದರಿಂದ ಯಾರೂ ಚಾನೆಲ್ ಬದಲಿಸಲಿಲ್ಲ. ಇಷ್ಟೊಂದು ಜನ ಸೇರಿಯೂ ಯಾಕೆ ಗದ್ದಲವಿಲ್ಲ ಎಂದು ಆತ ಈ ಕಡೆ ಹೊರಳಿದ. ಹಸಿರು ಹುಲ್ಲು, ನಡುವೆ ಒಬ್ಬ ಆಟಗಾರ, ಹಗ್ಗದಾಚೆ ಸಾವಿರಾರು ಮಂದಿ, ಒಬ್ಬರ ಬಾಯಲ್ಲೂ ಮಾತಿಲ್ಲ. ಚೆಂಡು ಉರುಳುತ್ತ ಉರುಳುತ್ತ ಹೋಗಿ ಕುಳಿಗೆ ಬಿದ್ದಾಗ ಕಂಚಣ್ಣ ದಿಂಬಿಗೊಂದು ಗುದ್ದು ಕೊಟ್ಟ. ಅದನ್ನು ನರ್ಸಮ್ಮ ನೋಡಿದಳು, ಮರೆಯಲಿಲ್ಲ. ಮರುವರ್ಷ ಅವರ ಊರಿಗೇ ದೊಡ್ಡ ಗಾಲ್ಫ್ ಪಂದ್ಯಾವಳಿ ಬಂದಿತು. ಆ ಮೈದಾನದಲ್ಲಿ ಹುಲ್ಲು ಕತ್ತರಿಸುತ್ತಿದ್ದ ತನ್ನ ತಮ್ಮನಿಗೆ ಸಿಕ್ಕ ಎರಡು ಟಿಕೆಟ್‌ಗಳನ್ನು ಅವಳು ಪರದೆ ಅಂಗಡಿಗೇ ತಂದುಕೊಟ್ಟಳು.

"ನಮಗೆ ಆ ಆಟದ ತಲೆಬುಡ ಗೊತ್ತಿಲ್ಲಮ್ಮ" ಎಂದಳು ಪರದೆಯಕ್ಕ.

"ನಿಮಗೆ ಗೊತ್ತಾಗದಿದ್ರೂ ಪರವಾಗಿಲ್ಲ ಅಕ್ಕ. ಅವರನ್ನ ಕರ್ಕೊಂಡು ಹೋಗಿ."

ಗೇಟಿನಲ್ಲಿ ಫೋನುಗಳನ್ನು ತೆಗೆದಿಟ್ಟುಕೊಂಡು ಒಳಗೆ ಬಿಟ್ಟರು. ಪರದೆಯಕ್ಕನಿಗೆ ಎಲ್ಲವೂ ಸೋಜಿಗ. "ರೀ, ಅಷ್ಟು ದೂರದಿಂದ ಯಾಕೆ ಹೊಡೀಬೇಕು? ಹತ್ತಿರ ಹೋಗಿ ಹಾಕಬಾರದಾ?" ಎಂದಾಗ ಸುತ್ತಲಿನವರು ತಿರುಗಿ ನೋಡಿದರು. ಕಂಚಣ್ಣ ತುಟಿಯ ಮೇಲೆ ಬೆರಳಿಟ್ಟ.

"ಇಷ್ಟು ವರ್ಷ ನಾನು ನಿಮಗೆ ಹೇಳ್ತಿದ್ದದ್ದನ್ನ ಈಗ ನೀವು ನನಗೆ ಹೇಳ್ತೀರಾ?" ಎಂದು ಅವಳು ಪಿಸುಗುಟ್ಟಿದಳು. ಆತನ ಭುಜಗಳು ನಗುವಿಗೆ ಕುಲುಕಿದವು.

ಹೆಸರುವಾಸಿ ಆಟಗಾರನೊಬ್ಬ ಮುಂದಿನ ಕುಳಿಯ ಕಡೆ ಹೊರಟದ್ದೇ ತಡ, ಜನ ಹೊಳೆಯಂತೆ ನುಗ್ಗಿದರು. ನೂಕುನುಗ್ಗಲಲ್ಲಿ ಗಂಡನ ಕೈ ತಪ್ಪಿಹೋಯಿತು. ಹಿಂದೆಲ್ಲ ಎಂಥ ಸಂತೆಯಲ್ಲೂ ದನಿಯ ಜಾಡು ಹಿಡಿದು ಹೋದರೆ ಆತ ಸಿಗುತ್ತಿದ್ದ. ಈಗ ಏನು ಮಾಡುವುದು? ಪರದೆಯಕ್ಕ ಕಾಲ್ಬೆರಳ ಮೇಲೆ ನಿಂತು ಸುತ್ತ ಹುಡುಕಿದಳು. ಕೂಗಲೆಂದು ಬಾಯಿ ತೆರೆದಳು. ಅಷ್ಟರಲ್ಲಿ ಆಟಗಾರ ಚೆಂಡಿನ ಮುಂದೆ ಬಾಗಿ ನಿಂತ, ಮೈದಾನವೆಲ್ಲ ಗಪ್‌ಚಿಪ್. "ರೀ" ಎಂಬುದು ಗಂಟಲವರೆಗೆ ಬಂದು ಅಲ್ಲೇ ನಿಂತಿತು. ಬಾಯಿಗೆ ಸೆರಗು ಒತ್ತಿಕೊಂಡು ನಿಂತವಳಿಗೆ, ಇವರಿಗೆ ದಿನವಿಡೀ ಹೀಗೇ ಆಗುತ್ತದಲ್ಲ ಎಂದು ಹೊಳೆದು ಕಣ್ಣು ತುಂಬಿತು.

ಕಣ್ಣೊರೆಸಿಕೊಂಡು ನೋಡಿದರೆ ಕೊಳದ ಆಚೆ ದಿಬ್ಬದ ಮೇಲೆ, 'ದಯವಿಟ್ಟು ನಿಶ್ಶಬ್ದ' ಎಂಬ ಹಲಗೆಯನ್ನು ಎರಡೂ ಕೈಯಿಂದ ತಲೆಯ ಮೇಲೆತ್ತಿ ಹಿಡಿದು ಕಂಚಣ್ಣ ನಿಂತಿದ್ದ.

ಅವಳು ಕೊಳ ಸುತ್ತಿ ಏದುಸಿರು ಬಿಡುತ್ತ ಓಡಿದಳು. ಪಕ್ಕದಲ್ಲಿ ಜನರನ್ನು ಸುಮ್ಮನಿರಿಸುವ ಕೆಲಸದ ಹಿರಿಯ ಸ್ವಯಂಸೇವಕರೊಬ್ಬರಿದ್ದರು.

"ನಿಮ್ಮವರು ಕೈಸನ್ನೆಯಲ್ಲೇ ಎಲ್ಲ ಹೇಳಿದ್ರಮ್ಮ. ಎತ್ತರದಲ್ಲಿ ನಿಂತ್ರೆ ನಿಮಗೆ ಕಾಣಿಸ್ತಾರೆ ಅಂತ ಹಲಗೆ ಕೊಟ್ಟೆ. ನನ್ನ ತೋಳಿಗೂ ಬಿಡುವು ಸಿಕ್ತು."

"ನಿಮಗೆ ಪುಣ್ಯ ಬರಲಿ ಅಣ್ಣ. ಆದ್ರೆ ಇವರ ಕೈಲಿ ಈ ಹಲಗೆಯಾ? ನಮ್ಮ ಮಾರ್ಕೆಟ್ಟಿನವರು ನೋಡಿದ್ರೆ ಬಿದ್ದು ಬಿದ್ದು ನಗ್ತಾರೆ."

ಹಳೆಯ ಕಂಚಿನ ಕಂಠದ ಸಂಗತಿ ಅವಳಿಂದ ಕೇಳಿ ತಿಳಿದ ಹಿರಿಯರು ಇಬ್ಬರನ್ನೂ ಹಗ್ಗದ ಪಕ್ಕದಲ್ಲೇ ನಿಲ್ಲಿಸಿಕೊಂಡರು. ಆಟಗಾರ ಕೋಲಿನಿಂದ ಮೆಲ್ಲಗೆ ತಟ್ಟಿದ. ಚೆಂಡು ಇಳಿಜಾರಿನಲ್ಲಿ ಬಳುಕಿ, ಅಂಚಿನಲ್ಲಿ ಕ್ಷಣ ಅನುಮಾನಿಸಿ, ಕುಳಿಗೆ ಇಳಿಯಿತು. ಮೈದಾನಕ್ಕೆ ಮೈದಾನವೇ ಹೋ ಎಂದಿತು. ಕಂಚಣ್ಣ ಅಂಗೈ ಕೆಂಪಾಗುವಂತೆ ಚಪ್ಪಾಳೆ ತಟ್ಟಿದ. ಗಂಡನ ಪಾಲನ್ನೂ ಸೇರಿಸಿ ಪರದೆಯಕ್ಕ ಕೂಗಿದಳು. ತನ್ನೊಳಗೆ ಅಷ್ಟು ದೊಡ್ಡ ಗಂಟಲಿದೆ ಎಂದು ಅವಳಿಗೇ ಗೊತ್ತಿರಲಿಲ್ಲ.

ಕೆಲವು ದಿನ ಬಿಟ್ಟು ಅವಳು ವಾರ್ಡಿಗೆ ಹೋಗಿ ನರ್ಸಮ್ಮನ ಕೈ ಹಿಡಿದುಕೊಂಡಳು.

"ಹೇಗಿತ್ತಕ್ಕ ಆಟ?"

"ಆಟ ಇವತ್ತಿಗೂ ಅರ್ಥ ಆಗಿಲ್ಲಮ್ಮ. ಮನೆಯೊಳಗೆ ಮುದುಡಿ ಕೂತಿದ್ದ ಮನುಷ್ಯ ಎದ್ದು ಓಡಾಡ್ತಿದಾರೆ. ಮೂಲೇಲಿದ್ದ ಹಳೇ ಊರುಗೋಲಲ್ಲಿ ನಿಂಬೆಹಣ್ಣು ಹೊಡೆದು ಹೊಡೆದು ಮಂಚದ ಕೆಳಗೆಲ್ಲ ತುಂಬಿಸಿದಾರೆ. ನಿಮ್ಮಿಂದ ಆದ ಉಪಕಾರ ಇದು. ಹೆಕ್ಕೋಕೆ ಬಗ್ಗಿದಾಗೆಲ್ಲ ನಿಮ್ಮನ್ನ ನೆನೀತೀನಿ."