ಊದಿ ನೋಡುವಂತಿಲ್ಲ

ರಾಜಾಜಿನಗರದ ಆ ವಾದ್ಯದ ಅಂಗಡಿಯಲ್ಲಿ ಅವತ್ತು ಬೆಳಿಗ್ಗೆ ನಾವು ನಾಲ್ಕು ಜನ ಇದ್ದೆವು. ಮೇಜಿನ ಆಚೆ ಅಂಗಡಿಯವನು. ಈಚೆ ನನ್ನ ಸೋದರತ್ತೆ, ಅಂದರೆ ಅಪ್ಪನ ಅಕ್ಕ. ಮತ್ತು ಚಿಕ್ಕಪ್ಪ, ಅಪ್ಪನ ತಮ್ಮ. ಇಬ್ಬರ ನಡುವೆ ನಾನು. ನಡುವೆ ಯಾಕೆ ನಿಂತೆ ಅಂದರೆ, ಅವರಿಬ್ಬರನ್ನು ಅಕ್ಕಪಕ್ಕ ನಿಲ್ಲಿಸುವಂತಿರಲಿಲ್ಲ. ಅಪ್ಪ ಇದ್ದಷ್ಟು ದಿನ ಹೀಗೆ ನಡುವೆ ನಿಲ್ಲುವ ಕೆಲಸ ಅವರದಾಗಿತ್ತು. ಅವರು ಹೋದ ಮೇಲೆ ಅದು ಯಾರೂ ಕೇಳದೆ ನನ್ನ ಪಾಲಿಗೆ ಬಂತು.

ಅತ್ತೆಗೆ ಅರವತ್ತೆಂಟು. ಕೊಳಲು ಕೊಳ್ಳಲು ಬಂದಿದ್ದರು, ಮೊಮ್ಮಕ್ಕಳಿಗಲ್ಲ, ತಮಗೆ. ಬಸವೇಶ್ವರನಗರದಲ್ಲಿ ಒಬ್ಬ ಹೆಣ್ಣುಮಗಳು ಮನೆಯ ಮಹಡಿಯಲ್ಲಿ ಕೊಳಲಿನ ಪಾಠ ಹೇಳುತ್ತಾರೆ, ವಯಸ್ಸಾದವರನ್ನೂ ಸೇರಿಸಿಕೊಳ್ಳುತ್ತಾರೆ ಎಂದು ಯಾರೋ ಹೇಳಿದ್ದೇ ತಡ, ಅತ್ತೆ ಫೋನು ಹಚ್ಚಿದ್ದರು. ಟೀಚರು ಒಂದೇ ಮಾತು ಹೇಳಿದ್ದರಂತೆ: "ಸೋಮವಾರ ಬನ್ನಿ ಅಮ್ಮ, ಆದ್ರೆ ನಿಮ್ಮ ಬೆರಳಿಗೆ, ನಿಮ್ಮ ಉಸಿರಿಗೆ ಹೊಂದೋ ಕೊಳಲೇ ತಗೊಂಡು ಬನ್ನಿ. ಹೊಂದದೆ ಇರೋದು ತಗೊಂಡೋರು ಒಂದು ತಿಂಗಳಲ್ಲಿ ಬಿಟ್ಟುಬಿಡ್ತಾರೆ."

ಈ ಮಾತನ್ನು ಅತ್ತೆ ಅಪ್ಪಿತಪ್ಪಿ ಚಿಕ್ಕಪ್ಪನ ಮುಂದೆ ಆಡಿದರು. ಚಿಕ್ಕಪ್ಪ ನಕ್ಕರು. "ಒಂದು ತಿಂಗಳಾ? ಅಷ್ಟು ದಿನ ಯಾಕಕ್ಕಾ?" ಅಂದರು. ಆಮೇಲೆ, ಕರೆಯದಿದ್ದರೂ, ನಾನೂ ಬರುತ್ತೇನೆ ಎಂದು ಹೊರಟರು. ಹೆಂಗಸರಿಬ್ಬರೇ ಹೋದರೆ ಅಂಗಡಿಯವರು ಟೋಪಿ ಹಾಕುತ್ತಾರಂತೆ. ಅದೂ ಅಲ್ಲದೆ ಮನೆಯಲ್ಲಿ ಕೊಳಲು ಗೊತ್ತಿರುವವರು ತಾವೊಬ್ಬರೇ ಅಂತೆ.

ಗೊತ್ತಿದ್ದದ್ದು ಎಷ್ಟು ಅನ್ನುವುದನ್ನು ಇಲ್ಲಿ ಹೇಳಿಬಿಡಬೇಕು. ಇಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ.

ಚಿಕ್ಕಪ್ಪನಿಗೆ ಎಂಟು ವರ್ಷವಿದ್ದಾಗ ತಾತ ಅವರನ್ನು ಕೊಳಲಿನ ಪಾಠಕ್ಕೆ ಹಾಕಿದರು. ಮನೆಯಿಂದ ಮೇಷ್ಟರ ಮನೆಗೆ ಹೋಗಬೇಕಾದರೆ ದೊಡ್ಡ ರಸ್ತೆ ದಾಟಬೇಕಿತ್ತು. ಹಾಗಾಗಿ ಹನ್ನೆರಡರ ಅತ್ತೆ ತಮ್ಮನ ಕೈ ಹಿಡಿದು ಕರೆದುಕೊಂಡು ಹೋಗುವುದು, ಪಾಠ ಮುಗಿಯುವ ತನಕ ಹೊರಗೆ ಮೆಟ್ಟಿಲ ಮೇಲೆ ಕೂತಿರುವುದು, ಮತ್ತೆ ಕೈ ಹಿಡಿದು ಕರೆತರುವುದು. ಒಳಗೆ ತಮ್ಮ ತಪ್ಪು ಊದಿ ಬೈಸಿಕೊಳ್ಳುತ್ತಿದ್ದರೆ, ಹೊರಗೆ ಅಕ್ಕನ ಬೆರಳುಗಳು ಮಂಡಿಯ ಮೇಲೆ ಸರಿಯಾಗಿ ಆಡುತ್ತಿದ್ದವಂತೆ. ವಾಪಸು ಬರುವಾಗ ದಾರಿಯಲ್ಲಿ ಒಂದು ಕಲ್ಲುಬೆಂಚು ಇತ್ತು. ಅಲ್ಲಿ ಕೂತು ಅತ್ತೆ ತಮ್ಮನ ಕೊಳಲು ಇಸ್ಕೊಂಡು ಊದುತ್ತಿದ್ದರು. ಆರು ತಿಂಗಳು ಹೀಗೆ ನಡೆಯಿತು. ಒಂದು ದಿನ ಯಾವುದೋ ಜಗಳದಲ್ಲಿ ತಮ್ಮ ಹೋಗಿ ತಾತನಿಗೆ ಹೇಳಿಕೊಟ್ಟ. ತಾತ ಅತ್ತೆಗೆ, "ಹೆಣ್ಣುಮಕ್ಕಳು ಬೀದೀಲಿ ಕೂತು ತುಟಿ ಮುಂದೆ ಮಾಡ್ಕೊಂಡು ಊದೋದು ಏನು ಚೆಂದ? ನಾಳೆಯಿಂದ ನೀನು ಹೋಗಕೂಡದು" ಅಂದರು. ಅತ್ತೆ ಹೋಗಲಿಲ್ಲ. ನನ್ನ ಅಪ್ಪನೂ ಆಗ ಚಿಕ್ಕವರು, ರಸ್ತೆ ದಾಟಿಸುವವರಿಲ್ಲದೆ ತಮ್ಮನ ಪಾಠವೂ ನಿಂತಿತು.

ನಿನ್ನಿಂದ ನಂದು ಹೋಯಿತು, ಇಲ್ಲ ನಿನ್ನಿಂದ ನಂದು ಎಂದು ಐವತ್ತಾರು ವರ್ಷ ಇಬ್ಬರೂ ಹಲ್ಲು ಕಡಿಯುತ್ತಾ ಬಂದರು. ಹಬ್ಬದಲ್ಲಿ ಒಟ್ಟಿಗೆ ಉಣ್ಣುತ್ತಾರೆ, ಕಷ್ಟಕ್ಕೆ ಓಡಿ ಬರುತ್ತಾರೆ. ಕೊಳಲಿನ ಮಾತು ಬಂದರೆ ಮಾತ್ರ ಎಂಟು ಮತ್ತು ಹನ್ನೆರಡರ ಮಕ್ಕಳು.

ಇನ್ನು ಅಂಗಡಿ. ಬಾಗಿಲಲ್ಲೇ ಬೋರ್ಡು ತೂಗಿತ್ತು: ಕೊಳಲುಗಳನ್ನು ಊದಿ ನೋಡುವಂತಿಲ್ಲ. ಕೆಳಗೆ ಎರಡು ಗೆರೆ ಬೇರೆ. ಸೀರೆ ಅಂಗಡಿಯಲ್ಲಿ ಹೆಗಲ ಮೇಲೆ ಹಾಕಿ ತೋರಿಸುತ್ತಾರೆ, ಚಪ್ಪಲಿ ಅಂಗಡಿಯಲ್ಲಿ ನಾಲ್ಕು ಹೆಜ್ಜೆ ನಡೆಸುತ್ತಾರೆ. ಊದುವ ವಸ್ತುವನ್ನು ಊದದೆ ಹೇಗಪ್ಪಾ ಆರಿಸುವುದು ಎಂದು ನನಗೆ ಅಲ್ಲೇ ಮೈ ಉರಿಯಿತು.

"ಯಾರಿಗೆ, ಮೊಮ್ಮಗೂಗಾ?" ಅಂಗಡಿಯವನು ಕೇಳಿದ್ದು ಚಿಕ್ಕಪ್ಪನನ್ನು.

"ನನಗೆ," ಅತ್ತೆ ಹೇಳಿದರು.

ಅವನು ಅತ್ತೆಯನ್ನು ನೋಡಿ, ಮತ್ತೆ ಚಿಕ್ಕಪ್ಪನ ಕಡೆಗೇ ತಿರುಗಿದ. "ಏನು ಸಾರ್, ಟೈಂಪಾಸ್‌ಗಾ?"

"ಹೂಂ, ಹಂಗೇ ಅನ್ಕೊಳಿ. ಅಲ್ಲಿ ನೇತಾಕಿದೀರಲ್ಲ, ಬಣ್ಣದ್ದು, ಅದೇ ಒಂದು ಕೊಡಿ. ಸಾಕು."

ಬಣ್ಣದ ಟೇಪು ಸುತ್ತಿದ, ತುದಿಗೆ ಕುಚ್ಚು ಕಟ್ಟಿದ ಕೋಲುಗಳು ಗೊಂಚಲಾಗಿ ತೂಗುತ್ತಿದ್ದವು.

"ಸಾರ್, ಅದು ಕೃಷ್ಣಜನ್ಮಾಷ್ಟಮಿಗೆ ಮಕ್ಕಳಿಗೆ ವೇಷ ಹಾಕ್ತಾರಲ್ಲ, ಆವಾಗ ಕೈಗೆ ಕೊಡೋದು. ಅದ್ರಲ್ಲಿ ಸ್ವರ ಬರಲ್ಲ. ಅಷ್ಟೂ ಗೊತ್ತಾಗಲ್ವಾ ನಿಮಗೆ?"

ಚಿಕ್ಕಪ್ಪನ ಕಿವಿ ಕೆಂಪಾಯಿತು. "ರೀ ಸ್ವಾಮಿ, ನಾನು ಆರು ತಿಂಗಳು ಮೇಷ್ಟರ ಹತ್ರ ಕಲ್ತಿರೋನು."

"ಆರು ತಿಂಗಳಾ!" ಅಂದ ಅವನು. ಒಂದು ನಗೆ ನಕ್ಕ ನೋಡಿ, ಆ ನಗೆಗೆ ಎರಡು ಏಟು ಹಾಕಬಹುದಿತ್ತು.

ಅಲ್ಲಿಗೆ ಚಿಕ್ಕಪ್ಪನ ಲೆಕ್ಕಾಚಾರ ತಲೆಕೆಳಗಾಯಿತು. ಅಕ್ಕನ ಹುಚ್ಚಿಗೆ ದುಡ್ಡು ದಂಡ ಎನ್ನುತ್ತಿದ್ದ ಮನುಷ್ಯ ಗಾಜಿನ ಕಪಾಟಿನತ್ತ ಬೆರಳು ಚಾಚಿ, "ಅದು ತೆಗೀರಿ. ಆ ಉದ್ದದ್ದು" ಅಂದರು. ಮಖಮಲ್ಲಿನ ಪೆಟ್ಟಿಗೆಯಲ್ಲಿ ಮಲಗಿದ್ದ, ಎರಡೂವರೆ ಅಡಿಯ ಕೊಳಲು. ಐದು ಸಾವಿರದ ಮೇಲೆ. ಅಂಗಡಿಯವನ ದನಿಗೆ ಆಗ ಬೆಣ್ಣೆ ಬಂತು. "ಇದು ಒಂದು ಮನೆ ಶ್ರುತಿ ಸಾರ್. ಕಛೇರಿ ಮಾಡೋರು ತಗೊಳೋದು. ಅಸ್ಸಾಂ ಬಿದಿರು. ಬೇಕಾದ್ರೆ ಅಮ್ಮನೋರು ಊದಿ ನೋಡ್ಲಿ, ನಾನು ಒರೆಸಿ ಇಡ್ತೀನಿ."

"ಬೋರ್ಡು?" ಅಂತ ಕೇಳಿದೆ ನಾನು. ಅವನಿಗೆ ಕೇಳಿಸಲಿಲ್ಲ.

ಗೊತ್ತಿಲ್ಲದವರಿಗಾಗಿ ಒಂದು ಮಾತು. ಕೊಳಲು ಚಿಕ್ಕದಾದಷ್ಟೂ ಶ್ರುತಿ ಮೇಲೆ, ಉದ್ದವಾದಷ್ಟೂ ಕೆಳಗೆ. ಶ್ರುತಿಯನ್ನು ನಮ್ಮ ಕಡೆ ಮನೆ ಲೆಕ್ಕದಲ್ಲಿ ಹೇಳುತ್ತಾರೆ. ಒಂದು ಮನೆಯದು ಉದ್ದ, ಐದು ಮನೆಯದು ಗಿಡ್ಡ. ಉದ್ದದ್ದರಲ್ಲಿ ತೂತಿಗೂ ತೂತಿಗೂ ಅಂತರ ಹೆಚ್ಚು, ಬೆರಳು ಅಗಲಿಸಬೇಕು. ಅತ್ತೆಯ ಬೆರಳಿನ ಗಿಣ್ಣುಗಳು ಊದಿಕೊಂಡು ಎಷ್ಟೋ ವರ್ಷವಾಗಿದೆ. ಚಪಾತಿ ಹಿಟ್ಟು ನಾದುವುದನ್ನೇ ಬಿಟ್ಟಿದ್ದಾರೆ. ಈ ಕೋಲನ್ನು ಹಿಡಿದು ಅವರು ಒಂದೊಂದು ಬೆರಳನ್ನೂ ಎಳೆದೆಳೆದು ಇಟ್ಟರು. ಕೊನೆಯ ಬೆರಳು ಮುಟ್ಟಲೇ ಇಲ್ಲ. ಊದಿದರು. ಉಸ್ ಎಂದು ಗಾಳಿ ಹೋಯಿತು. ಇನ್ನೊಮ್ಮೆ ಊದಿದರು. ಮತ್ತೆ ಉಸ್.

ಚಿಕ್ಕಪ್ಪ ಅಂದುಬಿಟ್ಟರು. "ನೋಡಿದ್ಯಾ? ಅಪ್ಪ ಸುಮ್ನೆ ಬೇಡ ಅಂದಿದ್ರಾ ಆವತ್ತು?"

ನಾನು ನಡುವೆ ನಿಂತಿದ್ದವಳು ಏನೂ ಮಾಡಲಾರದೆ ಹೋದೆ. ಐದು ಸಾವಿರದ ಆ ಕೊಳಲನ್ನು ಅತ್ತೆ ಮನೆಗೆ ಒಯ್ದರೆ ಒಂದು ತಿಂಗಳೂ ಬೇಡ, ಒಂದು ವಾರದಲ್ಲಿ ಅದು ಬೀರುವಿನ ಮೇಲೆ ಮಲಗುತ್ತದೆ. ಬಣ್ಣದ ಕೋಲು ಒಯ್ದರೂ ಅದೇ ಗತಿ. ಚಿಕ್ಕಪ್ಪ ಮೊದಲು ಜಿಪುಣತನದಿಂದ, ಆಮೇಲೆ ಜಂಬದಿಂದ, ಅಂಗಡಿಯವನು ದುರಾಸೆಯಿಂದ, ಇಬ್ಬರೂ ಸೇರಿ ಈ ಹೆಂಗಸಿನ ಬಾಯಿಗೆ ಬೀಗ ಹಾಕುತ್ತಿದ್ದಾರೆ ಅನ್ನಿಸಿತು. ತಾತ ಹಾಕಿದ ಬೀಗವೇ. ಕೀಲಿ ಮಾತ್ರ ಬೇರೆಯವರ ಕೈಗೆ ಬಂದಿತ್ತು.

ಅತ್ತೆ ಕೊಳಲನ್ನು ಪೆಟ್ಟಿಗೆಯಲ್ಲಿಟ್ಟರು. "ಐದು ಮನೇದು ತೆಗಿಯಪ್ಪ. ಕಲಿಯೋರದ್ದು," ಅಂದರು.

"ಅದು ಚಿಕ್ಕ ಮಕ್ಕಳು ತಗೊಳೋದು ಅಮ್ಮಾ."

"ನನ್ನ ಕೈಯೂ ಅಷ್ಟೇ ಆಗಿದೆ. ತೆಗಿ."

ಅವನು ಒಲ್ಲದ ಮನಸ್ಸಿನಿಂದ ನಾಲ್ಕು ಕೊಳಲನ್ನು ಮೇಜಿನ ಮೇಲೆ ಉರುಳಿಸಿದ. ಅತ್ತೆ ಒಂದೊಂದನ್ನೇ ಎತ್ತಿ ಟ್ಯೂಬ್‌ಲೈಟಿನ ಕಡೆ ಹಿಡಿದು ಒಳಗೆ ಕಣ್ಣಾಡಿಸಿದರು. ಊದುವ ತೂತಿನ ಅಂಚಿನ ಸುತ್ತ ಉಗುರು ಆಡಿಸಿದರು. ಒಂದರ ಅಂಚು ತರಿತರಿ ಇತ್ತು, ಪಕ್ಕಕ್ಕಿಟ್ಟರು. ಇನ್ನೊಂದಕ್ಕೆ ನಡುವೆ ಚೆಂದಕ್ಕೆಂಬಂತೆ ದಾರ ಸುತ್ತಿತ್ತು. "ಇದರ ಕೆಳಗೆ ಬಿರುಕಿದೆ," ಎಂದು ಅದನ್ನೂ ಸರಿಸಿದರು. ಅಂಗಡಿಯವನ ಮುಖದ ಬಣ್ಣ ಸ್ವಲ್ಪ ಬದಲಾಯಿತು. ಮೇಷ್ಟರು ಮಕ್ಕಳಿಗೆ ಕೊಳಲು ಆರಿಸುತ್ತಿದ್ದದ್ದನ್ನು ಮೆಟ್ಟಿಲ ಮೇಲಿಂದ ನೋಡಿದವರು ಇವರು. ಒಳಗಿದ್ದ ಹುಡುಗನಿಗೆ ಅದೊಂದೂ ನೆನಪಿರಲಿಲ್ಲ.

ಉಳಿದದ್ದು ಎರಡು. ಅತ್ತೆ ಒಂದನ್ನು ಬಾಯಿಗೆ ಒಯ್ದರು.

"ಅಮ್ಮಾ, ಅಮ್ಮಾ! ಊದಂಗಿಲ್ಲ. ಬೋರ್ಡ್ ಓದಿಲ್ವಾ? ನಾಳೆ ಇನ್ನೊಬ್ರು ಬಾಯಿಗೆ ಇಟ್ಕೊಳೋದು. ನಾನು ಊದಿ ತೋರಿಸ್ತೀನಿ ಕೊಡಿ."

"ನೀನು ಊದಿದ್ರೆ ನಿನ್ನ ಬಾಯಿಗೆ ಸರಿಹೋಯ್ತು ಅಂತ ಗೊತ್ತಾಗುತ್ತೆ. ನನ್ನ ಬಾಯಿಗೆ?"

"ರೂಲ್ಸ್ ಅಮ್ಮಾ."

"ಈಗ ತಾನೇ ದೊಡ್ಡದನ್ನ ಊದಿಸ್ದೆಯಲ್ಲ! ಒರೆಸೋ ಬಟ್ಟೆ ಅದಕ್ಕೊಂದಕ್ಕೇನಾ ಇರೋದು?"

ಚಿಕ್ಕಪ್ಪ, "ಬಿಡಕ್ಕಾ, ಜಗಳ ಯಾಕೆ, ಬೇರೆ ಅಂಗಡಿಗೆ ಹೋಗಣ" ಎಂದು ತೋಳಿಗೆ ಕೈ ಹಾಕಿದರು.

"ಕೈ ತೆಗಿಯೋ," ಅಂದರು ಅತ್ತೆ.

ಆಮೇಲೆ ಮಾಡಿದ್ದನ್ನು ನಾನು ಸಾಯುವ ತನಕ ಮರೆಯಲಾರೆ. ಕೊಳಲನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು, ಸೊಂಟದಿಂದ ಕರವಸ್ತ್ರ ತೆಗೆದು, ಗೋಡೆಯ ಕಡೆಗೂ ತಿರುಗದೆ, ಬಾಯಿಗೆ ಕೈ ಹಾಕಿ ಮೇಲಿನ ಹಲ್ಲಿನ ಸೆಟ್ಟನ್ನು ಕಿತ್ತು ತೆಗೆದರು. ಕರವಸ್ತ್ರದಲ್ಲಿ ಸುತ್ತಿ ಮೇಜಿನ ಮೇಲೆ, ಆ ಮಖಮಲ್ಲಿನ ಪೆಟ್ಟಿಗೆಯ ಪಕ್ಕಕ್ಕೇ ಇಟ್ಟರು. ಸೆಟ್ಟು ಹಾಕಿಸಿಕೊಂಡು ಒಂದು ವರ್ಷವೂ ಆಗಿರಲಿಲ್ಲ, ಊದಿದರೆ ಕದಲುತ್ತಿತ್ತು. ಉಸ್ ಎಂದಿದ್ದರಲ್ಲಿ ಅದರ ಪಾಲೂ ಇತ್ತು.

"ಅಕ್ಕಾ!" ಚಿಕ್ಕಪ್ಪ ಬೀದಿಯ ಕಡೆ ನೋಡಿದರು. "ಮಾನ ಮರ್ಯಾದೆ ಏನಾದ್ರೂ ಇದೆಯೇನೇ ನಿನಗೆ?"

ಅತ್ತೆ ಎಡಗೈಯ ಎರಡು ಬೆರಳಿಂದ ಎರಡು ತೂತು ಮುಚ್ಚಿ ಊದಿದರು. ಮೊದಲು ಗಾಳಿ. ತುಟಿಯನ್ನು ಒಂಚೂರು ಒಳಕ್ಕೆ ಮಾಡಿ ಮತ್ತೆ ಊದಿದರು. 'ಸ' ನಿಂತಿತು. ನಡುಗುತ್ತಿತ್ತು, ಆದರೆ ನಿಂತಿತು. ಇನ್ನೊಂದು ಕೊಳಲನ್ನೂ ಊದಿ ನೋಡಿದರು; ಮೇಲಕ್ಕೆ ಹೋದಾಗ ಅದು ಸೀಳಿತು. ಮತ್ತೆ ಮೊದಲನೆಯದನ್ನೇ ತೆಗೆದುಕೊಂಡು, ಐವತ್ತಾರು ವರ್ಷದ ಹಿಂದೆ ಕಲ್ಲುಬೆಂಚಿನ ಮೇಲೆ ನಿಲ್ಲಿಸಿದ್ದ ಸರಿಗಮದ ಸರಳೆಯ ಮೊದಲ ಸಾಲನ್ನು ನಿಧಾನಕ್ಕೆ ಊದಿದರು. ಎರಡು ಕಡೆ ತಪ್ಪಿದರು. ಹಾರ್ಮೋನಿಯಂ ರಿಪೇರಿಗೆ ತಂದಿದ್ದ ಡೆಲಿವರಿಯವನೊಬ್ಬ ಹೆಲ್ಮೆಟ್ ತೆಗೆಯದೆ ಬಾಗಿಲಲ್ಲೇ ನಿಂತುಬಿಟ್ಟ.

"ಇದು ಕೊಡು," ಅಂದರು ಅತ್ತೆ. ಹಲ್ಲಿಲ್ಲದ ಮಾತು, ಆದರೂ ಅರ್ಥವಾಯಿತು. ಒಂಬೈನೂರು ರೂಪಾಯಿ. ಚಿಕ್ಕಪ್ಪ ಪರ್ಸಿಗೆ ಕೈ ಹಾಕಿದರು. "ಒಳಗಿಡು," ಎಂದು ಅತ್ತೆ ತಮ್ಮ ಪುಟ್ಟ ಚೀಲ ಬಿಚ್ಚಿದರು.

ಅಂಗಡಿಯವನು ಕೊಳಲನ್ನು ಹಳೇ ಪೇಪರಿನಲ್ಲಿ ಸುತ್ತಿ ಎಸೆದ ಹಾಗೆ ಮುಂದಿಟ್ಟ. "ವಾಪಸ್ ತಗೊಳಲ್ಲ. ಒಳಗೆ ಎಣ್ಣೆ ಹಚ್ತಾ ಇರಿ."

"ಗೊತ್ತು," ಅಂದರು ಅತ್ತೆ.

ವಾಪಸು ಬರುವಾಗ ಕಾರು ಓಡಿಸುತ್ತಿದ್ದವಳು ನಾನು, ಪಕ್ಕದಲ್ಲಿ ಚಿಕ್ಕಪ್ಪ. ವಿಜಯನಗರ ಬರುವ ಹೊತ್ತಿಗೆ ಚಿಕ್ಕಪ್ಪ, ಕಿಟಕಿಯ ಕಡೆ ಮುಖ ಮಾಡಿ, "ಅಂಗಡೀಲಿ ಹಲ್ಲು ಕಿತ್ತಿಡ್ತಾಳೆ ಅಂದ್ರೆ. ನಾಳೆ ಯಾರಾದ್ರೂ ನೋಡ್ದೋರು ಕೇಳಿದ್ರೆ ನಾನೇನು ಹೇಳ್ಲಿ?" ಅಂದರು.

"ಅಪ್ಪನಿಗೆ ಹೇಳಿಕೊಟ್ಯಲ್ಲ, ಹಂಗೇ ಹೇಳು," ಅಂದರು ಅತ್ತೆ ಹಿಂದಿನ ಸೀಟಿನಿಂದ.

ಚಿಕ್ಕಪ್ಪ ಸಿಗ್ನಲ್ಲಿನಲ್ಲೇ ಇಳಿದು ಹೋದರು. ನಾಲ್ಕು ತಿಂಗಳು ಅತ್ತೆಯ ಮನೆಯ ಕಡೆ ಸುಳಿಯಲಿಲ್ಲ. ಹಬ್ಬಕ್ಕೂ ಬರಲಿಲ್ಲ, ಹೋಳಿಗೆಯನ್ನು ನಾನೇ ಡಬ್ಬಿಯಲ್ಲಿ ಒಯ್ದು ಕೊಟ್ಟೆ. ತಿಂದರು. ಹೇಗಿದ್ದಾಳೆ ಎಂದು ಮಾತ್ರ ಕೇಳಲಿಲ್ಲ. ಅತ್ತೆ ಸೋಮವಾರ, ಗುರುವಾರ ಬಸವೇಶ್ವರನಗರದ ಮಹಡಿ ಹತ್ತುತ್ತಿದ್ದರು. ಮಂಡಿ ನೋವೆಂದು ಎರಡು ದಿನ ತಪ್ಪಿಸಿದ್ದು ಬಿಟ್ಟರೆ ಪಾಠ ಬಿಡಲಿಲ್ಲ.

ಆ ಟೀಚರು ವರ್ಷಕ್ಕೊಮ್ಮೆ ಶಿಷ್ಯರೆಲ್ಲ ಒಂದೊಂದು ಹಾಡು ನುಡಿಸುವ ಕಾರ್ಯಕ್ರಮ ಇಡುತ್ತಾರೆ. ಒಂದು ಭಾನುವಾರ ಬೆಳಿಗ್ಗೆ, ಚಿಕ್ಕದೊಂದು ಸಭಾಂಗಣದಲ್ಲಿ. ನಾನು ಚಿಕ್ಕಪ್ಪನಿಗೆ ಫೋನಿನಲ್ಲಿ ಸುದ್ದಿ ಹೇಳಿದ್ದೆ, ಬನ್ನಿ ಅನ್ನಲಿಲ್ಲ. ಹೋಗಿ ನೋಡಿದರೆ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಮುಂದಿನ ಸಾಲಿನಲ್ಲೇ ಕೂತಿದ್ದಾರೆ. ಅತ್ತೆಯನ್ನು ಕಂಡು ಎದ್ದು ನಿಲ್ಲಲೂ ಇಲ್ಲ, ಮಾತಾಡಿಸಲೂ ಇಲ್ಲ. ಅತ್ತೆಯೂ ಅಷ್ಟೇ.

ಹತ್ತು ಹನ್ನೆರಡು ವರ್ಷದ ಮಕ್ಕಳೆಲ್ಲ ನುಡಿಸಿದ ಮೇಲೆ ಅತ್ತೆಯನ್ನು ಕರೆದರು. ಅವರು ಎದ್ದು, ವೇದಿಕೆಯ ಮೆಟ್ಟಿಲ ಹತ್ತಿರ ನಿಂತು, ಹಲ್ಲಿನ ಸೆಟ್ಟನ್ನು ತೆಗೆದು ಕರವಸ್ತ್ರದಲ್ಲಿ ಸುತ್ತಿದರು. ಸುತ್ತಮುತ್ತ ನೋಡಿದರು. ಇಡಲು ಜಾಗವಿರಲಿಲ್ಲ. ಎರಡು ಹೆಜ್ಜೆ ವಾಪಸು ಬಂದು ಅದನ್ನು ಚಿಕ್ಕಪ್ಪನ ಮುಂದೆ ಹಿಡಿದರು.

ಚಿಕ್ಕಪ್ಪ ಅಂಗೈ ಚಾಚಿ ಇಸ್ಕೊಂಡರು. ಅತ್ತೆ ಗೀತೆಯನ್ನು ಎರಡು ಸಲ ನುಡಿಸಿ ಕೆಳಗೆ ಇಳಿದು ಬರುವ ತನಕ ಅವರು ಆ ಪೊಟ್ಟಣವನ್ನು ಎರಡೂ ಕೈಯಲ್ಲಿ ತೊಡೆಯ ಮೇಲೆ ಹಿಡಿದುಕೊಂಡೇ ಕೂತಿದ್ದರು.