ಬುಟ್ಟಿಗೆ ಹಾಕಿದ ಕೂಗು

ಮಳವಳ್ಳಿಯಲ್ಲಿ ಕಂಪ್ಯೂಟರ್ ಕಲಿಸುವ ನನಗೆ ಹೋಲಿಕೆ ಕೊಡುವ ಚಟ. ಪರದೆ ಮೇಲಿನ ಚಿತ್ರಗಳನ್ನೆಲ್ಲ ಯಾರೋ ಆಫೀಸಿನಲ್ಲಿ ಕೂತವರು ಬರೆದಿದ್ದಾರೆ. ಮೇಜು, ಫೈಲು, ಕಸದ ಬುಟ್ಟಿ. ನನ್ನ ಹತ್ತಿರ ಕಲಿಯಲು ಬರುವ ಹೆಂಗಸರಲ್ಲಿ ಆಫೀಸು ಕಂಡವರೆಷ್ಟು ಮಂದಿ? ಅದಕ್ಕೇ ಫೋಲ್ಡರ್ ಅಂದರೆ ಟ್ರಂಕು, ಬುಟ್ಟಿ ಅಂದರೆ ತಿಪ್ಪೆ ಅನ್ನುತ್ತಿದ್ದೆ. ಅವರು ತಲೆಯಾಡಿಸುತ್ತಿದ್ದರು, ನಾನು ಉಬ್ಬುತ್ತಿದ್ದೆ.

ಬಂಡೂರಿನ ನನ್ನ ದೊಡ್ಡಮ್ಮನಿಗೂ ಫೋನು ಕಲಿಸಿದ್ದು ಹಾಗೇ. ತಿಪ್ಪೆ ಅಂದಿದ್ದು ಅವಳಿಗೆ ಬಲು ಹಿಡಿಸಿತು. ಕಳೆದುಹೋದ ಅವಳ ಮೂಗುಬೊಟ್ಟು ಆರು ತಿಂಗಳ ಮೇಲೆ ತಿಪ್ಪೆ ಕೆದಕುವಾಗ ಸಿಕ್ಕಿತ್ತಂತೆ. ಫೋನಿನ ಬುಟ್ಟಿ ತಿಂಗಳಾದ ಮೇಲೆ ತಾನೇ ಖಾಲಿಯಾಗುತ್ತದೆ ಅನ್ನುವುದನ್ನು ನಾನು ಹೇಳಲಿಲ್ಲ. ಹೇಳಿದ್ದರೆ ಹೋಲಿಕೆ ಕೆಡುತ್ತಿತ್ತು.

ಆಮೇಲೆ ದೊಡ್ಡಪ್ಪ ತೀರಿಕೊಂಡರು. ಅವರು ಕುರಿ ಕರೆಯುವ ಒಂದು ವಿಡಿಯೊ ಅವಳ ಫೋನಿನಲ್ಲಿತ್ತು. ಅವರ ದನಿ ಉಳಿದಿದ್ದು ಅದೊಂದರಲ್ಲೇ. ಅದನ್ನು ಹಾಕಿದಾಗೆಲ್ಲ ಕೊಟ್ಟಿಗೆಯಲ್ಲಿ ಮಲಗಿದ್ದ ಕುರಿಗಳು ಎದ್ದು ಬಾಗಿಲ ಕಡೆ ಮುಖ ಮಾಡುತ್ತಿದ್ದವು. ಫೋನು ಸುಮ್ಮನಾದ ಮೇಲೂ ಹಾಗೇ ನಿಂತಿರುತ್ತಿದ್ದವು. ಒಮ್ಮೆ ನಾನೂ ಅಲ್ಲಿದ್ದೆ. ಅವು ನೋಡಿದ ಕಡೆ ತಿರುಗಿ ನೋಡಲು ನನಗೆ ಧೈರ್ಯ ಬರಲಿಲ್ಲ.

ವರ್ಷದ ತಿಥಿಯ ಹಿಂದಿನ ದಿನ ದೊಡ್ಡಮ್ಮ ಬಸ್ಸಿನಲ್ಲಿ ಬಂದು ಫೋನನ್ನು ನನ್ನ ಕೈಗಿಟ್ಟಳು.

"ಕುರಿಗೊಳು ಬಾಗ್ಲು ನೋಡೋದ ತಡಿನಾರ್ದೆ ನೀನ್ ಬಂದಿದ್ ದಿನ್ವೇ ಅವ್ರ ಕೂಗ ನಿನ್ ತಿಪ್ಪೆಗೆ ಆಕ್ಬುಟ್ಟಿದ್ದೆ ಕಣಮ್ಮ. ಮೂಕ್ ಪ್ರಾಣಿಗೆ ಸುಳ್ಳೇಳ್ದಂಗಾಯ್ತಿತ್ತು. ಈಗ ಕೆದಕ್ಕೊಡು. ನಾಳೆ ಎಡೆ ಇಕ್ಕೋವಾಗ ಒಂದ್ಸಲಿ ಅವ್ರ ದನಿ ಕೇಳ್ಬೇಕು."

ಬುಟ್ಟಿ ತೆರೆದೆ. ಒಂದು ಕಡ್ಡಿಯೂ ಇರಲಿಲ್ಲ. ಅಲ್ಲಿ ಇಲ್ಲಿ ಒತ್ತಿ ಹುಡುಕುವವಳ ಹಾಗೆ ನಟಿಸಿದೆ. ಕಡೆಗೆ, "ತಿಂಗ್ಳಾದ್ಮೇಲೆ ಅದೇ ಖಾಲಿಯಾಗ್ಬುಡ್ತದೆ ದೊಡ್ಡವ್ವ, ಎಲ್ರ ಫೋನೂ ಅಂಗೇಯ" ಎಂದು ತಿಪ್ಪೆ ಸಾರಿಸಲು ನೋಡಿದೆ.

ಅವಳು ಬೈಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಕನ್ನಡಕ ಹಾಕಿಕೊಂಡು ಆ ಖಾಲಿ ಪರದೆಯನ್ನು ಸುಮಾರು ಹೊತ್ತು ನೋಡಿದಳು.

"ಖಾಲಿಯಾಗದೆ ಅಂದ್ರೆ ಯಾರೋ ಗಾಡಿಗೆ ತುಂಬವ್ರೆ. ತುಂಬುದ್ ಗೊಬ್ರ ಯಾವ್ದಾರ ವಲಕ್ಕೆ ಬಿದ್ದಿರ್ಬೇಕಲ್ಲ? ಯಾವ್ ವಲ ಅಂತ ಯೋಳು. ನಾನೇ ಓಗಿ ಕೆದುಕ್ತೀನಿ."

ತಪ್ಪು ನನ್ನದು ಅಂತ ಅವತ್ತೂ ಹೇಳಲಿಲ್ಲ, ಇವತ್ತಿಗೂ ಹೇಳಿಲ್ಲ.

ಈಗ ತರಗತಿಯಲ್ಲಿ ಬುಟ್ಟಿಯನ್ನು ಬುಟ್ಟಿ ಅಂತಲೇ ಕರೆಯುತ್ತೇನೆ. ಹೋದ ವಾರ ಬಂಡೂರಿಗೆ ಹೋಗಿದ್ದೆ. ದೊಡ್ಡಮ್ಮ ಕೊಟ್ಟಿಗೆಯಲ್ಲಿ ಸೊಪ್ಪು ಹಾಕುತ್ತಿದ್ದಳು. ಯಾರದೋ ಕರೆ ಬಂದು ನನ್ನ ಫೋನು ಸದ್ದು ಮಾಡಿತು. ಕುರಿಗಳೆಲ್ಲ ತಲೆಯೆತ್ತಿ ಬಾಗಿಲ ಕಡೆ ನೋಡಿದವು. ಕೈಲಿದ್ದ ಸೊಪ್ಪು ಬಿಟ್ಟು ದೊಡ್ಡಮ್ಮನೂ ನೋಡಿದಳು.